ಶಿಲೆಯೊಳಗಿನ ಒಕ್ಕಲು

ಬೆಂಕಿ ಎಲ್ಲವನ್ನೂ ಶುದ್ಧಗೊಳಿಸುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಹು ಹಳೆಯದು. ಹಾಲನ್ನು ಕಾಯಿಸಿಡುವ ಗೃಹಿಣಿಯೂ ಶಸ್ತ್ರಗಳನ್ನು ಕುದಿಯುವ ನೀರಿನಲ್ಲಿ ಅದ್ದುವ ವೈದ್ಯನೂ ಈ ನಂಬಿಕೆಯನ್ನೇ ಆಶ್ರಯಿಸಿದ್ದಾರೆ. ಮನೆಯ ಒಲೆಯ ಮಟ್ಟಿಗೆ ಅದು ನಿಜವೂ ಹೌದು. ಆದರೆ ಒಲೆಯಿಂದ ಕಲಿತ ಪಾಠವನ್ನು ಇಡೀ ಭೂಮಂಡಲಕ್ಕೆ ಅನ್ವಯಿಸಬಹುದೇ? ಭೂಗರ್ಭದ ತೈಲನಿಕ್ಷೇಪಗಳಲ್ಲಿ ಬಾಳುವ ಉಷ್ಣಪ್ರಿಯ ಸೂಕ್ಷ್ಮಜೀವಿಗಳ ವಿಷಯವನ್ನು ಓದಿದಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ತೈಲನಿಕ್ಷೇಪವೆಂದರೆ ನೆಲದಡಿಯ ಸರೋವರವೆಂದು ಹಲವರ ಕಲ್ಪನೆ. ವಾಸ್ತವವಾಗಿ ಅದೊಂದು ಬಂಡೆ. ಮರಳುಗಲ್ಲು, ಸುಣ್ಣಕಲ್ಲುಗಳ ಕಿರುರಂಧ್ರಗಳಲ್ಲಿ, ಸ್ಪಂಜಿನಲ್ಲಿ ನೀರು ನಿಂತಂತೆ, ಎಣ್ಣೆಯೂ ಉಪ್ಪುನೀರೂ ನಿಂತಿರುತ್ತವೆ. ಆಳಕ್ಕೆ ಇಳಿದಂತೆಲ್ಲ ಕಿಲೋಮೀಟರಿಗೆ ಸುಮಾರು 25ರಿಂದ 30 ಡಿಗ್ರಿ ಸೆಲ್ಸಿಯಸ್ಸಿನಂತೆ ಶಾಖ ಏರುತ್ತದೆ. ಅಲ್ಲಿ ಬೆಳಕಿಲ್ಲ, ಗಾಳಿಯಿಲ್ಲ. ಒತ್ತಡವಂತೂ ನೂರಾರು ಪಟ್ಟು. ಇಂಥ ಎಡೆಯಲ್ಲಿ ಜೀವವೆಲ್ಲಿಯದು ಎಂದು ಯಾರಿಗಾದರೂ ತೋರುವುದು ಸಹಜ.

ಷಿಕಾಗೋ ವಿಶ್ವವಿದ್ಯಾನಿಲಯದ ಭೂವಿಜ್ಞಾನಿ ಎಡ್ಸನ್ ಬಾಸ್ಟಿನ್ ಅವರಿಗೆ ಹಾಗೆ ತೋರಲಿಲ್ಲ. ಎಣ್ಣೆಬಾವಿಗಳ ನೀರಿನಲ್ಲಿ ಸಲ್ಫೇಟ್ ಲವಣ ಇರಬೇಕಾದಷ್ಟು ಇರಲಿಲ್ಲ. ಕೊಳೆತ ಮೊಟ್ಟೆಯ ನಾತದ ಹೈಡ್ರೊಜನ್ ಸಲ್ಫೈಡ್ ಅನಿಲವಿತ್ತು. ನಾವು ಆಮ್ಲಜನಕವನ್ನು ಬಳಸುವಂತೆ ಸಲ್ಫೇಟನ್ನು ಬಳಸಿ ಈ ಅನಿಲವನ್ನು ಹೊರಬಿಡುವ ಬ್ಯಾಕ್ಟೀರಿಯಾಗಳು ಕೆಳಗಿರಬೇಕೆಂದು ಅವರು ಊಹಿಸಿದರು. ಸೂಕ್ಷ್ಮಜೀವಿ ವಿಜ್ಞಾನಿ ಫ್ರಾಂಕ್ ಗ್ರೀರ್ ಅವರೊಡನೆ ಕೂಡಿ, ಆ ನೀರಿನಲ್ಲಿ ಅವು ಇರುವುದನ್ನು 1926ರಲ್ಲಿ ತೋರಿಸಿದರು. ಅನೇಕರು ಒಪ್ಪಲಿಲ್ಲ. ಬಾವಿ ಕೊರೆಯುವಾಗ ಮೇಲಿನ ಮಣ್ಣುನೀರಿನೊಡನೆ ಇಳಿದ ಜೀವಿಗಳೇ ಮರಳಿ ಬಂದಿರಬಹುದು ಎಂಬುದು ಅವರ ಆಕ್ಷೇಪ.

ಆ ಆಕ್ಷೇಪವನ್ನು ಹಟವೆನ್ನಲು ನನಗೆ ಮನಸ್ಸಾಗದು. ಮನೆಯೊಳಗೆ ಕಂಡವರೆಲ್ಲ ಮನೆಯವರೇ ಆಗಬೇಕಾಗಿಲ್ಲ. ಬಾಗಿಲು ತೆರೆದವರ ಬೆನ್ನಿಗೇ ಒಳಬಂದ ಅತಿಥಿಗಳೂ ಆಗಿರಬಹುದು.

1993ರಲ್ಲಿ ಜರ್ಮನಿಯ ಕಾರ್ಲ್ ಸ್ಟೆಟರ್ ಮತ್ತು ಸಂಗಡಿಗರು ಇನ್ನೂ ಅಚ್ಚರಿಯ ಸಂಗತಿಯನ್ನು ಪ್ರಕಟಿಸಿದರು. ಉತ್ತರ ಸಮುದ್ರದ ತಳದಲ್ಲಿಯೂ ಅಲಾಸ್ಕದ ಹೆಪ್ಪುಗಟ್ಟಿದ ನೆಲದಡಿಯಲ್ಲಿಯೂ ಸುಮಾರು 3000 ಮೀಟರ್ ಆಳದಲ್ಲಿರುವ ನಾಲ್ಕು ನಿಕ್ಷೇಪಗಳಿಂದ ಬಂದ ದ್ರವದಲ್ಲಿ, 85 ಮತ್ತು 102 ಡಿಗ್ರಿ ಶಾಖದಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳು ದೊರೆತವು. ಮೇಲ್ಮಣ್ಣಿನ ಸಾಮಾನ್ಯ ಜೀವಿಗಳು ಆ ಶಾಖದಲ್ಲಿ ಬೆಳೆಯಲಾರವು. ಆದರೂ ಹಳೆಯ ಪ್ರಶ್ನೆ ಅಡಗಲಿಲ್ಲ. ಅವು ಕಡಲತಳದ ಬಿಸಿಬುಗ್ಗೆಗಳಲ್ಲಿ ಕಂಡ ಜಾತಿಗಳೇ ಆಗಿದ್ದವು. ಎಣ್ಣೆಯನ್ನು ಹೊರದೂಡಲೆಂದು ಮನುಷ್ಯನು ನಿಕ್ಷೇಪಗಳಿಗೆ ಕಡಲನೀರನ್ನು ತುಂಬುತ್ತಾನೆ. ಆ ನೀರಿನೊಡನೆಯೋ ಬಂಡೆಯ ಸಹಜ ಬಿರುಕುಗಳ ಮೂಲಕವೋ ಅವು ಒಳಹೊಕ್ಕಿರಬಹುದು.

ಅಲ್ಲಿ ಮೂಲದ ಒಕ್ಕಲೂ ಉಂಟೆಂಬುದಕ್ಕೆ ಎಣ್ಣೆಯೇ ಸಾಕ್ಷಿ ನುಡಿಯುತ್ತದೆ. ಸೂಕ್ಷ್ಮಜೀವಿಗಳು ಎಣ್ಣೆಯ ಹಗುರವಾದ ಅಂಶಗಳನ್ನು ತಿಂದು ಡಾಂಬರಿನಂಥ ಗಟ್ಟಿ ಶೇಷವನ್ನು ಉಳಿಸುತ್ತವೆ. ಕೆನಡದ ಆಲ್ಬರ್ಟ ಪ್ರಾಂತದ ಅಪಾರ ತೈಲಮರಳು ಹೀಗೆ ಲಕ್ಷಾಂತರ ವರ್ಷಗಳ ಭೋಜನದ ಎಂಜಲು. ಅದು ನಡೆದಾಗ ಬಾವಿ ಕೊರೆಯುವ ಮನುಷ್ಯನೇ ಭೂಮಿಯ ಮೇಲೆ ಇರಲಿಲ್ಲ.

ಆದರೆ ಈ ಒಕ್ಕಲಿಗೂ ಎಲ್ಲೆಯುಂಟು. ಒಮ್ಮೆ 80–90 ಡಿಗ್ರಿಗಿಂತ ಹೆಚ್ಚು ಕಾದು, ಅನಂತರ ಭೂಚಲನೆಯಿಂದ ಮೇಲೆದ್ದು ತಣಿದ ನಿಕ್ಷೇಪಗಳಲ್ಲಿ ಎಣ್ಣೆ ಕೆಡದೆ ಉಳಿದಿರುವುದನ್ನು 2001ರಲ್ಲಿ ಸಂಶೋಧಕರು ತೋರಿಸಿದರು. ಭೂಮಿಯೇ ಅದನ್ನು ಹಾಲಿನಂತೆ ಕಾಯಿಸಿಟ್ಟಿತ್ತು! ಒಲೆಯ ಪಾಠ ಸುಳ್ಳಾಗಲಿಲ್ಲ. ಅದರ ಅಳತೆ ಮಾತ್ರ ಬೇರೆಯಾಯಿತು.

ಈ ಕಿರುಜೀವಿಗಳು ಮನುಷ್ಯನಿಗೆ ಹಗೆಯೂ ಹೌದು, ನೆಂಟನೂ ಹೌದು. ಅವು ಹೊಮ್ಮಿಸುವ ವಿಷಾನಿಲ ಕಬ್ಬಿಣದ ಕೊಳವೆಗಳನ್ನು ಕೊರೆಯುತ್ತದೆ, ಕೆಲಸಗಾರರ ಪ್ರಾಣಕ್ಕೂ ಎರವಾಗಬಲ್ಲದು. ನಮ್ಮ ದೇಶದಲ್ಲಿಯೇ ಓಎನ್‌ಜಿಸಿ ಮತ್ತು ಟೆರಿ ಸಂಸ್ಥೆಗಳು, 90 ಡಿಗ್ರಿಯವರೆಗಿನ ಶಾಖವನ್ನು ತಾಳುವ ಬ್ಯಾಕ್ಟೀರಿಯಾಗಳನ್ನು ಹಳೆಯ ಬಾವಿಗಳಿಗೆ ಇಳಿಸಿ, ಬಂಡೆಗೆ ಅಂಟಿದ ಎಣ್ಣೆಯನ್ನು ಸಡಿಲಿಸುವ ವಿಧಾನವನ್ನು ರೂಪಿಸಿವೆ.

ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದುದು ಈ ಲಾಭನಷ್ಟಗಳ ಲೆಕ್ಕವಲ್ಲ. ಬಾಸ್ಟಿನ್ನರ ಊಹೆಯಿಲ್ಲದಿದ್ದರೆ ಯಾರೂ ಹುಡುಕುತ್ತಿರಲಿಲ್ಲ. ಆಕ್ಷೇಪಿಸಿದವರಿಲ್ಲದಿದ್ದರೆ ಯಾರೂ ಎಚ್ಚರದಿಂದ ಹುಡುಕುತ್ತಿರಲಿಲ್ಲ. ನಾವು ಹೋದಲ್ಲೆಲ್ಲ ನಮ್ಮ ಧೂಳನ್ನೂ ಕೊಂಡೊಯ್ಯುತ್ತೇವೆ. ಆಮೇಲೆ ಕಂಡದ್ದು ಅಲ್ಲಿಯದೋ ನಮ್ಮದೋ ಎಂದು ತಿಳಿಯದೆ ತೊಳಲುತ್ತೇವೆ. 1975ರಲ್ಲಿ ವೈಕಿಂಗ್ ನೌಕೆಗಳನ್ನು ಮಂಗಳಗ್ರಹಕ್ಕೆ ಕಳುಹಿಸುವ ಮುನ್ನ, ಅಲ್ಲಿ ಇಳಿಯಬೇಕಾಗಿದ್ದ ಭಾಗಗಳನ್ನು ಗಂಟೆಗಟ್ಟಲೆ ಕಾಯಿಸಿದರು. ಪರರ ಮನೆಗೆ ಹೋಗುವಾಗ ಕಾಲು ತೊಳೆದು ಒಳಗೆ ಹೆಜ್ಜೆಯಿಡುವ ನಮ್ಮ ಹಿರಿಯರ ನಡತೆ ನನಗೆ ನೆನಪಾಗುತ್ತದೆ. ಅರಿವನ್ನು ಅರಸಿ ಹೊರಟವನಿಗೆ ಧೈರ್ಯದಷ್ಟೇ ಆ ವಿನಯವೂ ಬೇಕು.