ಒಳಿತನ್ನು ಬಿತ್ತಿದ ಶಾಲೆ

ತಮ್ಮ ಮಕ್ಕಳನ್ನು ಲೋಕದ ಕೆಟ್ಟ ಗಾಳಿ ಸೋಕದಂತೆ ಬೆಳೆಸಬೇಕೆಂಬ ಆಸೆ ಯಾವ ತಾಯಿತಂದೆಗಳಿಗಿಲ್ಲ? ಕಾಲ ಕೆಟ್ಟಿತು, ಸಹವಾಸ ಕೆಟ್ಟಿತು ಎಂದು ನಿಟ್ಟುಸಿರಿಡುವ ಹಿರಿಯರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಅಮೆರಿಕದ ಅಯೋವಾ ಸಂಸ್ಥಾನದ ಒಂದಷ್ಟು ಮಂದಿ ರೈತರು ಈ ಆಸೆಯಿಂದಲೇ ತಮ್ಮ ಹೊಲಗಳ ನಡುವೆ ಒಂದು ವಸತಿಶಾಲೆಯನ್ನು ಕಟ್ಟಿದರು. ಲೋಕವನ್ನು ದೂರವಿಡಲು ಕಟ್ಟಿದ ಆ ಮನೆಯ ಬಾಗಿಲಿಗೆ ಅರ್ಧ ಶತಮಾನ ಕಳೆಯುವಷ್ಟರಲ್ಲಿ ಲೋಕವೇ ನೊಂದು ಬೆಂದು ಬಂದು ನಿಂತಿತು.

ವೆಸ್ಟ್ ಬ್ರಾಂಚ್ ಎಂಬುದು ಅಯೋವಾದ ಒಂದು ಚಿಕ್ಕ ಊರು. ಸುತ್ತಲೂ ಕಣ್ಣು ಹರಿಯುವಷ್ಟು ದೂರ ಮುಸುಕಿನ ಜೋಳದ ಹೊಲಗಳು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಈ ಸೀಮೆಗೆ ಬಂದು ನೆಲೆಸಿದವರಲ್ಲಿ ಕ್ವೇಕರ್ ಪಂಥದವರು ಅನೇಕರು. ಇವರು ಕ್ರೈಸ್ತರೇ, ಆದರೆ ಇವರ ಹಳೆಯ ಬಗೆಯ ಆರಾಧನೆಯಲ್ಲಿ ಪಾದ್ರಿಯಿಲ್ಲ, ಗಾನವಿಲ್ಲ, ವಿಧಿಯಿಲ್ಲ. ಎಲ್ಲರೂ ಒಂದೆಡೆ ಮೌನವಾಗಿ ಕುಳಿತಿರುವರು. ಯಾರಿಗಾದರೂ ಒಳಗಿನಿಂದ ಪ್ರೇರಣೆಯಾದರೆ ಎದ್ದು ನಾಲ್ಕು ಮಾತನಾಡುವರು. ಇಲ್ಲವಾದರೆ ಮೌನದಲ್ಲಿಯೇ ಸಭೆ ಮುಗಿಯುವುದು. ಪ್ರತಿಯೊಬ್ಬ ಮನುಷ್ಯನ ಅಂತರಂಗದಲ್ಲಿಯೂ ದೈವದ ಬೆಳಕಿದೆಯೆಂಬುದು ಇವರ ನಂಬಿಕೆಯ ಸಾರ. ಆದುದರಿಂದಲೇ ಇವರಿಗೆ ಯುದ್ಧ ಒಲ್ಲದು, ಗುಲಾಮಗಿರಿ ಒಲ್ಲದು. ನೆರೆಯ ಸ್ಪ್ರಿಂಗ್‌ಡೇಲ್ ಹಳ್ಳಿಯ ಕ್ವೇಕರರು, ಒಡೆಯರಿಂದ ತಪ್ಪಿಸಿಕೊಂಡು ಬಂದ ನೀಗ್ರೋ ಗುಲಾಮರಿಗೆ ಮನೆಯಲ್ಲಿ ಆಶ್ರಯವಿತ್ತು ಮುಂದಕ್ಕೆ ಸಾಗಿಸುತ್ತಿದ್ದರು.

ಕಾಲಕ್ರಮದಲ್ಲಿ ಅಯೋವಾದ ಕ್ವೇಕರರಲ್ಲಿಯೂ ಹೊಸ ಗಾಳಿ ಬೀಸಿತು. ಪ್ರಾರ್ಥನೆಯ ಮನೆಗೆ ಹಾಡು ಬಂದಿತು, ಉದ್ರೇಕದ ಉಪನ್ಯಾಸಗಳು ಬಂದವು. ಹಳೆಯ ಮೌನವನ್ನು ಬಿಡಲೊಲ್ಲದವರು 1877ರಲ್ಲಿ ಬೇರೆಯಾದರು. ತಮ್ಮ ಸಂಖ್ಯೆಯೇ ಕಡಿಮೆ. ಮಕ್ಕಳೂ ಕೈಬಿಟ್ಟರೆ ಗತಿಯೇನು? ಈ ಚಿಂತೆಯಿಂದ ಅವರು 1890ರಲ್ಲಿ ವೆಸ್ಟ್ ಬ್ರಾಂಚಿನ ಹತ್ತಿರ ಶಾಲೆಯನ್ನು ತೆರೆದರು. ಫಿಲಡೆಲ್ಫಿಯಾದ ಕ್ವೇಕರ್ ಜೋಸೆಫ್ ಸ್ಕ್ಯಾಟರ್‌ಗುಡ್ ಅವರ ಹೆಸರನ್ನು ಅದಕ್ಕೆ ಇಟ್ಟರು. ಆ ಮನೆತನದ ಹೆಸರಿಗೆ ಇಂಗ್ಲಿಷಿನಲ್ಲಿ ‘ಇದ್ದುದನ್ನೆಲ್ಲ ಎರಚಿ ಕಳೆಯುವ ದುಂದುಗಾರ’ ಎಂಬುದು ಹಳೆಯ ಅರ್ಥ. ‘ಒಳಿತನ್ನು ಬಿತ್ತುವವನು’ ಎಂದೂ ಅರ್ಥ ಮಾಡಬಹುದು. ಯಾವ ಅರ್ಥ ಸಲ್ಲುವುದೆಂಬುದನ್ನು ಕಾಲವೇ ಹೇಳಬೇಕಾಗಿತ್ತು.

ನಲವತ್ತು ವರ್ಷಗಳ ಕಾಲ ಶಾಲೆ ಸದ್ದಿಲ್ಲದೆ ನಡೆಯಿತು, ಎಂದೂ ದೊಡ್ಡದಾಗಲಿಲ್ಲ. ಅಷ್ಟರಲ್ಲಿ ಮಹಾ ಆರ್ಥಿಕ ಮುಗ್ಗಟ್ಟು ಬಂದಿತು. ಜೋಳಕ್ಕೆ ಬೆಲೆಯಿಲ್ಲ, ರೈತನ ಕೈಯಲ್ಲಿ ಕಾಸಿಲ್ಲ. 1931ರಲ್ಲಿ ಶಾಲೆ ಮುಚ್ಚಿತು. ಆಗ ಅಮೆರಿಕದ ಅಧ್ಯಕ್ಷಪೀಠದಲ್ಲಿದ್ದವರು ಹರ್ಬರ್ಟ್ ಹೂವರ್. ಇದೇ ವೆಸ್ಟ್ ಬ್ರಾಂಚಿನ ಕ್ವೇಕರ್ ಮನೆಯಲ್ಲಿ ಹುಟ್ಟಿದವರು! ಊರಿನ ಮಗ ರಾಷ್ಟ್ರವನ್ನಾಳುತ್ತಿದ್ದಾಗಲೇ ಊರ ಹೊರಗಿನ ಶಾಲೆಗೆ ಬೀಗ ಬಿದ್ದಿತು.

ಆ ಬೀಗವನ್ನು ತೆಗೆಸಿದುದು ಸಾವಿರಾರು ಮೈಲಿ ದೂರದ ಒಂದು ಕ್ರೌರ್ಯ. 1938ರ ನವೆಂಬರಿನಲ್ಲಿ ಹಿಟ್ಲರನ ಜರ್ಮನಿಯಲ್ಲಿ ಯಹೂದ್ಯರ ಪ್ರಾರ್ಥನಾಮಂದಿರಗಳು ಉರಿದವು, ಅಂಗಡಿಗಳು ಪುಡಿಯಾದವು, ಸಾವಿರಾರು ಜನ ಸೆರೆಯಾದರು. ಪ್ರಾಣ ಉಳಿಸಿಕೊಂಡು ಅಮೆರಿಕಕ್ಕೆ ಬಂದವರಿಗೆ ನೆಲೆ ಒದಗಿಸಲು ಅಮೆರಿಕದ ಕ್ವೇಕರರ ಸೇವಾಸಮಿತಿ ಸ್ಥಳ ಹುಡುಕಿತು. ಅಯೋವಾದ ಕ್ವೇಕರ್ ತರುಣರಿಗೆ ಹೊಲದ ನಡುವೆ ಪಾಳು ಬಿದ್ದಿದ್ದ ಶಾಲೆಯ ನೆನಪಾಯಿತು. ಅವರೇ ಬಂದು ಧೂಳು ಗುಡಿಸಿದರು, ಗೋಡೆಗಳಿಗೆ ಬಣ್ಣ ಹಚ್ಚಿದರು. 1939ರ ಏಪ್ರಿಲಿನಲ್ಲಿ ಮೊದಲ ನಾಲ್ವರು ಬಂದಿಳಿದರು.

ಬಂದವರನ್ನು ಅಲ್ಲಿ ‘ನಿರಾಶ್ರಿತರು’ ಎಂದು ಕರೆಯಲಿಲ್ಲ; ‘ಅತಿಥಿಗಳು’ ಎಂದರು. ಆದರೆ ಅತಿಥಿಗಳೆಂದು ಸುಮ್ಮನೆ ಕುಳ್ಳಿರಿಸಲೂ ಇಲ್ಲ. ಪಾತ್ರೆ ತೊಳೆಯುವುದು, ಕಸ ಗುಡಿಸುವುದು, ತರಕಾರಿಯ ತೋಟ ಅಗೆಯುವುದು ಎಲ್ಲರ ಪಾಳಿ. ಶಾಲೆಯನ್ನು ನಡೆಸುವವರಿಗೂ ಅದರಿಂದ ಬಿಡುವಿಲ್ಲ. ಬಂದವರಲ್ಲಿ ವಕೀಲರಿದ್ದರು, ವರ್ತಕರಿದ್ದರು, ಉಪಾಧ್ಯಾಯರಿದ್ದರು. ತಮ್ಮ ಮನೆಯಲ್ಲಿ ಅಡುಗೆಮನೆಯ ಹೊಸ್ತಿಲನ್ನೇ ತುಳಿಯದಿದ್ದವರಿಗೆ ಇಲ್ಲಿ ಆಲೂಗಡ್ಡೆ ಸುಲಿಯುವ ಕೆಲಸ! ಕೆಲವರಿಗೆ ಅದು ಅವಮಾನವೆನಿಸಿತು. ಆದರೆ ಪಕ್ಕದಲ್ಲಿಯೇ ಮೇಲ್ವಿಚಾರಕರು ನೆಲ ಒರೆಸುತ್ತಿದ್ದರೆ ದೊಡ್ಡಸ್ತಿಕೆಯನ್ನು ಯಾರ ಮುಂದೆ ತೋರಿಸಬೇಕು?

ಹಗಲು ಇಂಗ್ಲಿಷ್ ಪಾಠ, ಮೋಟಾರು ನಡೆಸುವ ಪಾಠ, ಕೆಲಸಕ್ಕಾಗಿ ಪತ್ರವ್ಯವಹಾರ. ಕೆಲವು ತಿಂಗಳಲ್ಲಿ ಎಲ್ಲಿಯಾದರೂ ಕೆಲಸ ಸಿಕ್ಕಿ ಒಬ್ಬೊಬ್ಬರೇ ಹೊರಡುವರು, ಹೊಸಬರು ಬರುವರು. ಆದರೆ ಮನಸ್ಸಿನ ಒಂದು ಮೂಲೆ ಸದಾ ಯೂರೋಪಿನಲ್ಲಿಯೇ ಇರುತ್ತಿತ್ತು. ಅಲ್ಲಿ ಉಳಿದ ತಾಯಿಯೋ ತಮ್ಮನೋ ಬರೆವ ಕಾಗದಕ್ಕಾಗಿ ಕಾಯುವುದು. ಯುದ್ಧ ಬಲಿತಂತೆ ಆ ಕಾಗದವೂ ಬಾರದಾಗುವುದು. 1941ರ ಕೊನೆಯಲ್ಲಿ ಅಮೆರಿಕವೂ ಯುದ್ಧಕ್ಕಿಳಿದಾಗ ವಿಧಿಯ ಇನ್ನೊಂದು ವಿಡಂಬನೆ: ಹಿಟ್ಲರನಿಂದ ಓಡಿಬಂದವರೇ ಕಾನೂನಿನ ದೃಷ್ಟಿಯಲ್ಲಿ ‘ಶತ್ರುದೇಶದವರು’ ಎನಿಸಿಕೊಂಡರು.

ಕಡಲ ದಾರಿಗಳು ಮುಚ್ಚಿದವು, ಬರುವವರು ಕಡಿಮೆಯಾದರು. 1943ರ ವಸಂತದ ವೇಳೆಗೆ ಆ ಆಶ್ರಯಮಂದಿರದ ಕೆಲಸ ಮುಗಿಯಿತು. ನಾಲ್ಕು ವರ್ಷಗಳಲ್ಲಿ ಅಲ್ಲಿ ತಂಗಿದವರು ಸುಮಾರು 185 ಮಂದಿ. ಯೂರೋಪಿನಲ್ಲಿ ಹತರಾದ ಅರುವತ್ತು ಲಕ್ಷ ಯಹೂದ್ಯರ ಮುಂದೆ ಇದೇನು ಲೆಕ್ಕ ಎನ್ನಬಹುದು. ಆದರೆ ಉಳಿದ ಆ ಒಬ್ಬೊಬ್ಬರಿಗೂ ತಮ್ಮ ಪ್ರಾಣವೇ ಪೂರ್ಣ ಲೆಕ್ಕವಾಗಿತ್ತು.

ಮರುವರ್ಷ, 1944ರಲ್ಲಿ, ಸ್ಕ್ಯಾಟರ್‌ಗುಡ್ ಮತ್ತೆ ಶಾಲೆಯಾಯಿತು. ಮೌನಾರಾಧನೆ ಹಿಂದಿನಂತೆಯೇ ಬಂದಿತು. ಆದರೆ ಅತಿಥಿಗಳ ಕಾಲದ ಪಾಳಿಯ ಕೆಲಸವೂ ಶಾಲೆಯ ಪಾಠವಾಯಿತು. ಹುಡುಗರೂ ಹುಡುಗಿಯರೂ ಅಡುಗೆ ಮಾಡಿದರು, ರೊಟ್ಟಿ ಸುಟ್ಟರು, ಹೊಲದಲ್ಲಿ ದುಡಿದರು. ಬರಬರುತ್ತ ಬೇರೆ ಮತದ, ಬೇರೆ ದೇಶದ ಮಕ್ಕಳಿಗೂ ಅಲ್ಲಿ ಸ್ಥಳ ದೊರೆಯಿತು. ಆಗ ಸ್ಥಳ ಹುಡುಕಿದ್ದ ಸೇವಾಸಮಿತಿಗೆ, ಬ್ರಿಟಿಷ್ ಕ್ವೇಕರರ ಸಮಿತಿಯೊಡನೆ, 1947ರ ನೊಬೆಲ್ ಶಾಂತಿ ಪಾರಿತೋಷಕ ಸಂದಿತು.

ಶಾಲೆಯನ್ನು ಕಟ್ಟಿದ ಹಿರಿಯರ ಭಯ ಸುಳ್ಳಾಗಿರಲಿಲ್ಲ. ಲೋಕದಲ್ಲಿ ಕೇಡು ಇದ್ದೇ ಇತ್ತು, ಅವರು ಕಂಡುದಕ್ಕಿಂತ ನೂರು ಪಾಲು ಹೆಚ್ಚಾಗಿ. ಆದರೆ ಆ ಮನೆಯ ಬೆಲೆ ತಿಳಿದುದು ಅದು ಬಾಗಿಲು ಹಾಕಿಕೊಂಡಿದ್ದಾಗ ಅಲ್ಲ. ಆ ಕೇಡಿಗೆ ಸಿಕ್ಕಿದವರಿಗೆ ಬಾಗಿಲು ತೆರೆದು, ಬಟ್ಟಲು ಕೊಟ್ಟು, ಉಂಡ ಮೇಲೆ ಅದನ್ನು ತೊಳೆಯಲು ಜೊತೆಗೆ ನಿಂತಾಗ. ಹೆಸರಿನ ಎರಡು ಅರ್ಥಗಳಲ್ಲಿ ಸಲ್ಲುವುದು ಯಾವುದೆಂಬುದು ಅಂದೇ ತೀರ್ಮಾನವಾಯಿತು.