ಅವ್ವನ ಲೋಟದಲ್ಲಿ ನಮ್ಮ ಟಿಪ್ಸು

ಸುದ್ದಿ ಇಲ್ಲದ ದಿನ ಪುಟ ತುಂಬಿಸಲು ನಾವು ‘ಅಡುಗೆ ಸೋಡಾದ ಹತ್ತು ಉಪಯೋಗ’ ಅಂತ ಬರೆದು ಕಳಿಸಿದ್ದೆವು. ಅಲ್ಲಿ ಇಲ್ಲಿ ಓದಿದ್ದನ್ನು ಜೋಡಿಸಿದ್ದು, ಅಷ್ಟೇ.

ವಾರ ಕಳೆದು ಊರಿಗೆ ಹೋದರೆ ಅವ್ವ ಊಟದ ಮೇಲೆ ನೀರಿಗೆ ಚಮಚ ಸೋಡಾ ಕಲಸಿ ಕುಡಿಯುತ್ತಿದ್ದಳು. ‘ಗ್ಯಾಸಿಗೆ ಒಳ್ಳೇದಂತ ನೀನ ಬರದೀಯಲ್ಲೋ’ ಅಂದಳು. ಅವ್ವನಿಗೆ ಬಿಪಿ. ಉಪ್ಪು ಕಡಿಮೆ ಮಾಡಿ ಅಂತ ಡಾಕ್ಟರು ಹೇಳಿದ್ದರು.

ಬರೆಯುವ ಮೊದಲು ಹಾಕಬೇಕಿದ್ದ ಲೆಕ್ಕವನ್ನು ಆಗ ಹಾಕಿದೆವು. ಒಂದು ಟೀ ಚಮಚ ಸೋಡಾದಲ್ಲಿ ಸುಮಾರು 1,200 ಮಿಲಿಗ್ರಾಂ ಸೋಡಿಯಂ ಇದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ಇಡೀ ದಿನಕ್ಕೆ 2,000.

ಉಳಿದ ಟಿಪ್ಸುಗಳನ್ನೂ ಅವ್ವನ ಅಡುಗೆಮನೆಯಲ್ಲೇ ಮಾಡಿ ನೋಡಿದೆವು. ತಳ ಹತ್ತಿದ ಸ್ಟೀಲ್ ಪಾತ್ರೆಯಲ್ಲಿ ನೀರು, ಎರಡು ಚಮಚ ಸೋಡಾ ಕುದಿಸಿದರೆ ಕರಕಲು ಬಿಟ್ಟಿತು. ಅಲ್ಯೂಮಿನಿಯಂ ಪಾತ್ರೆ ಮಾತ್ರ ಕಪ್ಪಾಯಿತು. ಬೋರಿನ ಗಡಸು ನೀರಿನಲ್ಲಿ ಬೇಯದ ಕಡಲೆ ಚಿಟಿಕೆ ಸೋಡಾಕ್ಕೆ ಮೆತ್ತಗಾಯಿತು. ಜಾಸ್ತಿ ಹಾಕಿದರೆ ಬಿ1 ಜೀವಸತ್ವ ಹಾಳು. ಸಿಂಕಿಗೆ ಸೋಡಾ, ಲಿಂಬೆರಸ ಒಟ್ಟಿಗೆ ಹಾಕಿದರೆ ನೊರೆ ಜೋರು, ಕೆಲಸ ಕಡಿಮೆ. ಹುಳಿಯೂ ಸೋಡಾವೂ ಒಂದರ ಶಕ್ತಿಯನ್ನೊಂದು ಕಳೆಯುತ್ತವೆ. ಬರೀ ಸೋಡಾ ಹಾಕಿ ಉಜ್ಜುವುದೇ ವಾಸಿ.

ತಿದ್ದುಪಡಿ ಕಳಿಸಿದೆವು. ಪುಟದಲ್ಲಿ ಜಾಗ ಸಿಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ: ಸೋಡಾ ಪಾತ್ರೆಗಿರಲಿ, ಬಿಪಿ ಇದ್ದವರ ಲೋಟಕ್ಕೆ ಬೇಡ. ಟಿಪ್ಸು ಅಂದರೂ ಅದೂ ಸುದ್ದಿಯೇ. ಓದಿದವರು ನಂಬಿ ಕುಡಿಯುತ್ತಾರೆ.