ಅಂಚಿನಿಂದ ಎರಡು ಮೊಳ

ಬೆಂಗಳೂರಿನಲ್ಲಿ ಸೈಕಲ್ ತುಳಿಯುವವರಿಗೆ ಮನೆಯವರು, ನೆರೆಯವರು, ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತ ಆಟೊದವರು ಎಲ್ಲರೂ ಹೇಳುವ ಬುದ್ಧಿಮಾತು ಒಂದೇ: ‘ಸೈಡಲ್ಲಿ ಹೋಗಿ ಸಾರ್.’ ಅಕ್ಕರೆಯಿಂದಲೇ ಹೇಳುತ್ತಾರೆ. ಆದರೆ ಆ ಸೈಡಿನಲ್ಲಿ ಏನೇನಿದೆ ಎಂಬುದು ಸೀಟಿನ ಮೇಲೆ ಕೂತವರಿಗೇ ಗೊತ್ತು. ಮೋರಿಯ ಮೇಲಿನ ಕಬ್ಬಿಣದ ಜಾಲರಿಯ ಸಂದು ನಾವು ಹೋಗುವ ದಿಕ್ಕಿಗೇ ಇದ್ದರೆ ತೆಳ್ಳನೆಯ ಟೈರು ಸಲೀಸಾಗಿ ಒಳಗಿಳಿಯುತ್ತದೆ. ಯಾರದೋ ಮನೆ ಕಟ್ಟಿ ಮಿಕ್ಕ ಎಂ-ಸ್ಯಾಂಡ್ ಅಲ್ಲೇ ಹರಡಿರುತ್ತದೆ. ಡಾಂಬರು ಮುಗಿಯುವಲ್ಲಿ ನಾಲ್ಕು ಬೆರಳು ತಗ್ಗು. ಸಾಲದ್ದಕ್ಕೆ ರಾಂಗ್ ಸೈಡಿನಿಂದ ಬರುವ ಸ್ಕೂಟರುಗಳೂ ಅಲ್ಲೇ ನುಗ್ಗುತ್ತವೆ.

ಅದಕ್ಕೇ ನಾನು ಅಂಚಿನಿಂದ ಎರಡು ಮೊಳ ಬಿಟ್ಟು ಸೈಕಲ್ ಹೊಡೆಯುತ್ತೇನೆ. ಇದು ಹಟವಲ್ಲ, ಲೆಕ್ಕಾಚಾರ. ಅಂಚಿಗೆ ಅಂಟಿಕೊಂಡವನು ಹಿಂದಿನ ಕಾರಿನವರ ಕಣ್ಣಿಗೆ ಬೀಳುವುದು ತಡ. ಬಿದ್ದರೂ ಅದೇ ಲೇನಿನಲ್ಲಿ ತೂರಿಕೊಂಡು ಹೋಗಬಹುದೆಂಬ ಆಸೆ ಅವರಿಗೆ ಹುಟ್ಟುತ್ತದೆ. ಎರಡು ಮೊಳ ಈಚೆ ಬಂದರೆ ನಾನು ಅವರ ಎದುರಿಗೇ ಇರುತ್ತೇನೆ. ವೇಗ ಇಳಿಸುತ್ತಾರೆ, ಸರಿಯಾದ ಜಾಗ ನೋಡಿ ದಾಟುತ್ತಾರೆ. ರಸ್ತೆ ಅಗಲವಾದ ಕೂಡಲೇ ಎಡಕ್ಕೆ ಸರಿದು ಅವರಿಗೆ ದಾರಿ ಬಿಡುತ್ತೇನೆ. ಆಗ ಬರುವ ಒಂದು ಚಿಕ್ಕ ಹಾರನ್ನು ಬೈಗುಳವಲ್ಲ, ಥ್ಯಾಂಕ್ಸ್.

ಈ ಕಲೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹಿಂದಿರುಗಿ ನೋಡುವುದು. ಬಲಭುಜದ ಮೇಲಿಂದ ಕತ್ತು ಹೊರಳಿಸಿದರೆ ಹ್ಯಾಂಡಲ್ಲೂ ತಾನಾಗಿ ಬಲಕ್ಕೆ ಎಳೆಯುತ್ತದೆ. ಎಳೆಯದಂತೆ ನೋಡುವುದನ್ನು ಖಾಲಿ ಮೈದಾನದಲ್ಲಿ, ಸುಣ್ಣದ ಗೆರೆಯ ಮೇಲೆ ಸೈಕಲ್ ಬಿಡುತ್ತಾ ಕಲಿಯಬೇಕು. ಕಲಿತ ಮೇಲೆ ರಸ್ತೆಯೇ ಬೇರೆಯಾಗಿ ಕಾಣುತ್ತದೆ. ಅಲ್ಲಿಯವರೆಗೆ ಹಿಂದಿನವರಿಗೆ ಬರೀ ಬೆನ್ನಾಗಿದ್ದ ನನಗೆ ಆ ಕ್ಷಣ ಮುಖ ಬರುತ್ತದೆ. ಕಣ್ಣು ಕಣ್ಣು ಸೇರಿ, ಅವರು ಬ್ರೇಕಿನ ಮೇಲೆ ಕಾಲಿಟ್ಟು ತಲೆಯಾಡಿಸಿದರೆ, ಅದು ಸಂಗೀತ ಕಚೇರಿಯಲ್ಲಿ ತನಿ ಆವರ್ತನದ ನಡುವೆ ಮೃದಂಗದವರೂ ಘಟದವರೂ ಪರಸ್ಪರ ನೋಡಿ ಸರದಿ ಬಿಟ್ಟುಕೊಡುವ ಹಾಗೆಯೇ. ಆ ಸುಖಕ್ಕಾಗಿಯೇ ನಾನು ಸೌತ್ ಎಂಡ್ ಸರ್ಕಲ್ಲಿನ ದಟ್ಟಣೆಯನ್ನೂ ತಪ್ಪಿಸಿಕೊಳ್ಳುವುದಿಲ್ಲ.

ಬಲಕ್ಕೆ ತಿರುಗಲು ಕೈ ಚಾಚುವುದು ಎಲ್ಲರಿಗೂ ಗೊತ್ತು. ಅದಕ್ಕೂ ಮುಂಚಿನ ಕೆಲಸವನ್ನು ಕಲಿಸುವವರು ಕಡಿಮೆ. ನಮ್ಮ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಮುಂದಿನ ಬ್ರೇಕು ಬಲಗೈಗೆ. ಸೈಕಲ್ಲನ್ನು ನಿಜವಾಗಿ ನಿಲ್ಲಿಸುವುದು ಅದೇ. ಬಲಗೈ ಗಾಳಿಯಲ್ಲಿದ್ದಾಗ ಉಳಿಯುವುದು ಹಿಂದಿನ ಬ್ರೇಕು ಮಾತ್ರ. ಆದ್ದರಿಂದ ಮೊದಲು ವೇಗ ಇಳಿಸಿ, ಹಿಂದೆ ನೋಡಿ, ಆಮೇಲೆ ಕೈ ಚಾಚಬೇಕು. ತಿರುಗುವಾಗ ಎರಡೂ ಕೈ ಹ್ಯಾಂಡಲ್ ಮೇಲೆ ಬಂದಿರಬೇಕು.

ಬೇರೆಯವರನ್ನು ಓದುವುದೂ ಇಷ್ಟೇ ಸೊಗಸು. ಇಂಡಿಕೇಟರನ್ನು ನಾನು ನೆಚ್ಚುವುದಿಲ್ಲ, ಮುಂದಿನ ಚಕ್ರ ನೋಡುತ್ತೇನೆ. ನಿಂತ ಕಾರಿನ ಚಕ್ರ ಒಂದಿಷ್ಟು ಓರೆಯಾದರೂ ಅದು ಹೊರಡುವ ಸೂಚನೆ. ಆಟೊ ಚಾಲಕರ ಕೈ ಹೊರಗೆ ಬಂದು ಅಂಗೈ ಕೆಳಮುಖವಾಗಿ ಬೀಸಿತೆಂದರೆ ಫುಟ್‌ಪಾತಿನಲ್ಲಿ ಸವಾರಿ ಕಂಡಿದೆ ಎಂದರ್ಥ. ಬಿಎಂಟಿಸಿ ಬಸ್ಸು ಸ್ಟಾಪಿನತ್ತ ಎಡಕ್ಕೆ ಬರುವಾಗ ಅದಕ್ಕೂ ಫುಟ್‌ಪಾತಿಗೂ ನಡುವೆ ಯಾವ ಕಾರಣಕ್ಕೂ ನುಗ್ಗಬಾರದು. ಜನ ಇಳಿಯುವುದು ಆ ಸಂದಿಗೇ. ಬಸ್ಸು ತಿರುಗುವಾಗ ಅದರ ಹಿಂದಿನ ಚಕ್ರ ಒಳಕ್ಕೆ ಸರಿಯುವುದೂ ಅಲ್ಲಿಗೇ. ಡ್ರೈವರ್ ಮುಖ ಕನ್ನಡಿಯಲ್ಲಿ ನಮಗೆ ಕಾಣದಿದ್ದರೆ ನಾವೂ ಅವರಿಗೆ ಕಾಣುತ್ತಿಲ್ಲ. ಹಿಂದೆಯೇ ನಿಂತು ಅರ್ಧ ನಿಮಿಷ ಉಸಿರು ಬಿಟ್ಟರೆ ಕಳೆದುಕೊಳ್ಳುವುದೇನೂ ಇಲ್ಲ.

ಬೇಸಿಗೆಯ ಮೊದಲ ಮಳೆ ಬಿದ್ದ ದಿನ ಇನ್ನೂ ಹುಷಾರು ಬೇಕು. ಟಾರಿನ ಮೇಲಿನ ಎಣ್ಣೆ ತೇಲುತ್ತದೆ, ಬಸವನಗುಡಿಯಲ್ಲಿ ಉದುರಿದ ಹೊಂಗೆ ಹೂವು ನೆಂದು ಜಾರುತ್ತದೆ, ಜೀಬ್ರಾ ಕ್ರಾಸಿಂಗಿನ ಬಿಳಿ ಬಣ್ಣವೂ ಅಷ್ಟೆ.

ಸೈಕಲ್ಲಿಗೆ ಬೇರೆ ಪಥವೇ ಬೇಡ, ಸೈಕಲ್ ಸವಾರ ವಾಹನ ಚಾಲಕನಂತೆಯೇ ವರ್ತಿಸಿದರೆ ಸಾಕು ಎಂದು ಅಮೆರಿಕದ ಜಾನ್ ಫಾರೆಸ್ಟರ್ ಜೀವಮಾನವಿಡೀ ವಾದಿಸಿದರು. ವರ್ತನೆಯ ಮಾತು ಒಪ್ಪುತ್ತೇನೆ, ಪಥದ ಮಾತು ಒಪ್ಪಲಾರೆ. ಶಾಲೆಗೆ ಹೋಗುವ ಹತ್ತು ವರ್ಷದ ಹುಡುಗಿ ಬಸ್ಸಿನ ಎದುರು ಎರಡು ಮೊಳ ಈಚೆ ಬರಲಿ ಎಂದು ಯಾವ ಬಾಯಿಂದ ಹೇಳುವುದು? 2020ರಲ್ಲಿ ನಮ್ಮ ಹೊರವರ್ತುಲ ರಸ್ತೆಯಲ್ಲಿ ಗೂಟ ನೆಟ್ಟು ಸೈಕಲ್ ಪಥ ಮಾಡಿದ್ದರು, ಅದು ಬಾಳಲಿಲ್ಲ. ಅಂಥದ್ದು ಮತ್ತೆ ಬರಬೇಕು, ಬಂದು ಉಳಿಯಬೇಕು.

ಅಲ್ಲಿಯವರೆಗೆ ಕಾರಿನವರಲ್ಲಿ ನನ್ನದೊಂದು ಕೋರಿಕೆ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಸೈಕಲ್ಲು ಒಂದು ಸೆಕೆಂಡಿಗೆ ಸುಮಾರು 5.6 ಮೀಟರ್ ಸಾಗುತ್ತದೆ, ಅಂದರೆ ಒಂದು ಕಾರಿನ ಉದ್ದಕ್ಕಿಂತ ಹೆಚ್ಚು. ನಿಲ್ಲಿಸಿದ ಕಾರಿನ ಬಾಗಿಲು ಇದ್ದಕ್ಕಿದ್ದಂತೆ ತೆರೆದರೆ ಬ್ರೇಕು ಹಿಡಿಯುವ ಮೊದಲೇ ನಾವು ಅದಕ್ಕೆ ಬಡಿದಿರುತ್ತೇವೆ. ತಪ್ಪಿಸಲು ಬಲಕ್ಕೆ ಹೊರಳಿದರೆ ಹಿಂದಿನ ಲಾರಿಯ ಕೆಳಗೆ. ಡಚ್ಚರಲ್ಲಿ ಬಾಗಿಲಿಗೆ ದೂರದ ಕೈಯಿಂದ ತೆರೆಯುವ ರೂಢಿ ಇದೆ. ನಮ್ಮಲ್ಲಿ ಸ್ಟಿಯರಿಂಗ್ ಬಲಕ್ಕಿರುವುದರಿಂದ ಅದು ಎಡಗೈ. ಎಡಗೈ ಚಾಚಿದರೆ ಮೈ ತಾನಾಗಿ ಹೊರಳಿ ಕಣ್ಣು ಹಿಂದಕ್ಕೆ ಹೋಗುತ್ತದೆ. ಇವತ್ತೇ ಕಾರಿನಿಂದ ಇಳಿಯುವಾಗ ದಯವಿಟ್ಟು ಎಡಗೈಯಿಂದ ಬಾಗಿಲು ತೆರೆಯಿರಿ. ಹಿಂದಿನ ಸೀಟಿನ ಮಕ್ಕಳಿಗೂ ದೂರದ ಕೈಯಿಂದ ತೆರೆಯುವುದನ್ನು ಹೇಳಿಕೊಡಿ.